ಪುರಾತನ ಖಡ್ಗಗಳ ಕಾಲನಿರ್ಣಯ ಮತ್ತು ನೈಜತೆ: ಖರೀದಿಗೆ ಮುನ್ನ ತಾಳೆ ನೋಡಬೇಕಾದ ಅಂಶಗಳು

ವ್ಯಾಪಾರದಲ್ಲಿ ಉಳಿಸಿದ ಹಣವನ್ನು ಭೂಮಿ, ಚಿನ್ನ, ಷೇರುಗಳಲ್ಲಿ ತೊಡಗಿಸುವುದು ಎಲ್ಲರೂ ಬಲ್ಲ ರೂಢಿ. ಇವುಗಳ ಜೊತೆಗೆ ಹಳೆಯ ನಾಣ್ಯ, ವರ್ಣಚಿತ್ರ, ಆಯುಧ ಮುಂತಾದ ಸಂಗ್ರಹಯೋಗ್ಯ ವಸ್ತುಗಳನ್ನೂ ಹೂಡಿಕೆಯೆಂದು ಭಾವಿಸುವ ವರ್ತಕರಿದ್ದಾರೆ. ಚಿನ್ನವನ್ನು ಒರೆಗಲ್ಲಿಗೆ ಹಚ್ಚಿ ನೋಡಬಹುದು. ಭೂಮಿಗೆ ಪಹಣಿ ಇದೆ. ಹಳೆಯ ಖಡ್ಗಕ್ಕೆ ಇಂತಹ ಒಂದೇ ಅಳತೆಗೋಲು ಇಲ್ಲ. ಆದುದರಿಂದ ಮಾರುವವನ ಮಾತೇ ಪ್ರಮಾಣವಾಗುವ ಅಪಾಯ ಇಲ್ಲಿ ಹೆಚ್ಚು.

2023ರ ಮೇ 23ರಂದು ಲಂಡನ್ನಿನ ಬಾನಮ್ಸ್ ಸಂಸ್ಥೆಯ ಹರಾಜಿನಲ್ಲಿ ಟಿಪ್ಪು ಸುಲ್ತಾನನ ಶಯನಾಗಾರದ ಖಡ್ಗವು 1 ಕೋಟಿ 40 ಲಕ್ಷ ಪೌಂಡಿಗೂ ಮೀರಿದ ಬೆಲೆಗೆ ಮಾರಾಟವಾಯಿತು. ಹರಾಜಿಗೆ ಮುನ್ನ ಅಂದಾಜಿಸಿದ್ದ ಬೆಲೆ 15ರಿಂದ 20 ಲಕ್ಷ ಪೌಂಡ್ ಮಾತ್ರ. 2025ರ ಏಪ್ರಿಲ್‌ನಲ್ಲಿ ಅದೇ ನಗರದ ಸೋದಬೀಸ್ ಹರಾಜಿನಲ್ಲಿ ನಾಗಪುರದ ಒಂದನೆಯ ರಘೂಜಿ ಭೋಸಲೆಯ ಖಡ್ಗವನ್ನು ಮಹಾರಾಷ್ಟ್ರ ಸರ್ಕಾರವು ಸುಮಾರು 47.15 ಲಕ್ಷ ರೂಪಾಯಿಗೆ ಪಡೆಯಿತು. ಎರಡೂ ಹದಿನೆಂಟನೆಯ ಶತಮಾನದ ಒಡೆಯರ ಖಡ್ಗಗಳು. ಆದರೂ ಬೆಲೆಗಳ ನಡುವಿನ ಅಂತರ ನೂರಾರು ಪಟ್ಟು. ಹಾಗಾದರೆ ಬೆಲೆ ಬರುವುದು ಉಕ್ಕಿನಿಂದಲೂ ಅಲ್ಲ, ಕೇವಲ ವಯಸ್ಸಿನಿಂದಲೂ ಅಲ್ಲ. ಅದು ಬರುವುದು ಆ ವಸ್ತುವಿನ ಬಗ್ಗೆ ರುಜುವಾತುಪಡಿಸಬಹುದಾದ ಸಂಗತಿಗಳಿಂದ. ರುಜುವಾತು ಎಲ್ಲಿ ದುರ್ಬಲವೋ ಅಲ್ಲಿ ಬೆಲೆಯೂ ದುರ್ಬಲ.

ಮೂರು ಪ್ರಶ್ನೆಗಳು, ಮೂರು ಉತ್ತರಗಳು

ಖಡ್ಗವೊಂದು ಎದುರಿಗೆ ಬಂದಾಗ ಮೂರು ಪ್ರಶ್ನೆಗಳನ್ನು ಬೇರೆ ಬೇರೆಯಾಗಿಯೇ ಕೇಳತಕ್ಕದ್ದು. ಮೊದಲನೆಯದು ವಯಸ್ಸು: ಇದು ಯಾವ ಕಾಲದ್ದು? ಎರಡನೆಯದು ನೈಜತೆ: ಇದರ ಭಾಗಗಳೆಲ್ಲವೂ ಹೇಳಲಾದ ಕಾಲದವೇ, ನಂತರ ಸೇರಿಸಿದ್ದೇನಾದರೂ ಉಂಟೇ? ಮೂರನೆಯದು ಸಂಬಂಧ: ಇಂತಹ ಅರಸನದು, ಇಂತಹ ಯುದ್ಧದ್ದು ಎಂಬ ಮಾತಿಗೆ ಆಧಾರವೇನು? ಒಂದು ಪ್ರಶ್ನೆಗೆ ದೊರೆತ ಉತ್ತರವನ್ನು ಇನ್ನೊಂದಕ್ಕೆ ಅನ್ವಯಿಸುವುದರಿಂದಲೇ ಹೆಚ್ಚಿನ ನಷ್ಟಗಳು ಸಂಭವಿಸುತ್ತವೆ. ಅಲಗು ಹಳೆಯದೆಂದು ಖಚಿತವಾದೊಡನೆ ಖಡ್ಗವೇ ಹಳೆಯದೆಂದೂ, ಖಡ್ಗ ಹಳೆಯದಾದೊಡನೆ ಅದು ಅರಸನದೆಂದೂ ನಂಬಿಬಿಡುವುದು ಸುಲಭ.

ಖಡ್ಗವೆಂಬುದು ಒಂದೇ ವಸ್ತುವಲ್ಲ. ಅಲಗು, ಹಿಡಿ, ಅಲಂಕಾರ, ಬರಹ, ಒರೆ ಇವುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ವಯಸ್ಸಿರುತ್ತದೆ. ಆಯವ್ಯಯ ಪಟ್ಟಿಯ ಒಟ್ಟು ಮೊತ್ತವನ್ನು ಒಪ್ಪುವ ಮೊದಲು ಲೆಕ್ಕಪರಿಶೋಧಕನು ಬಾಬುವಾರು ವೋಚರುಗಳನ್ನು ತಾಳೆ ನೋಡುತ್ತಾನೆ. ಇಲ್ಲಿಯೂ ಅದೇ ಕ್ರಮ ಸಲ್ಲುತ್ತದೆ.

ಅಲಗಿನ ಪರೀಕ್ಷೆ

ಭಾರತದ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ದೊರೆಯುವುದು ತಲ್ವಾರ್ ಎಂಬ ಬಾಗಿದ ಅಲಗಿನ ಕತ್ತಿ. ಇದನ್ನು ನೋಡುವಾಗ ಮೊದಲು ಬೇಕಾದ ಉಪಕರಣ ಕಾರ್ಖಾನೆಗಳಲ್ಲಿ ಬಳಸುವ ವರ್ನಿಯರ್ ಕ್ಯಾಲಿಪರ್. ಕುಲುಮೆಯಲ್ಲಿ ಬಡಿದು ಮಾಡಿದ ಹಳೆಯ ಅಲಗಿನ ಬೆನ್ನು ಹಿಡಿಯ ಬಳಿ ದಪ್ಪವಾಗಿದ್ದು ಮೊನೆಯ ಕಡೆಗೆ ಸಾಗಿದಂತೆ ಕ್ರಮವಾಗಿ ತೆಳುವಾಗುತ್ತದೆ. ಉಕ್ಕಿನ ತಗಡಿನಿಂದ ಕತ್ತರಿಸಿ ಸಾಣೆ ಹಿಡಿದ ಇಂದಿನ ಅಲಂಕಾರಿಕ ಕತ್ತಿಯ ಬೆನ್ನು ಬಹುತೇಕ ಕೊನೆಯವರೆಗೂ ಒಂದೇ ದಪ್ಪವಿರುತ್ತದೆ. ಐದಾರು ಕಡೆ ಅಳೆದು ಬರೆದುಕೊಂಡರೆ ಸಾಕು, ಗೋಡೆಗೆ ತೂಗುಹಾಕಲೆಂದೇ ತಯಾರಾದ ಕತ್ತಿಗಳಲ್ಲಿ ಬಹುಪಾಲು ಇಲ್ಲಿಯೇ ಬೇರ್ಪಡುತ್ತವೆ. ಯುದ್ಧಕ್ಕೆಂದು ಮಾಡಿದ ಕತ್ತಿ ಕೈಗೆ ಹಗುರವೆನಿಸುತ್ತದೆ. ಅನುಕರಣೆಯ ಕತ್ತಿ ಮೊನೆಯ ಕಡೆಗೆ ಜಗ್ಗುತ್ತದೆ.

ಎರಡನೆಯದಾಗಿ ಉಕ್ಕಿನ ಜಾತಿ. ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ಕಬ್ಬಿಣವನ್ನು ಇಂಗಾಲದೊಂದಿಗೆ ಕರಗಿಸಿ ತಯಾರಿಸುತ್ತಿದ್ದ ಉಕ್ಕು ಜಗತ್ಪ್ರಸಿದ್ಧವಾಗಿತ್ತು. ಯುರೋಪಿನಲ್ಲಿ ಇದಕ್ಕೆ ವೂಟ್ಜ್ ಎಂಬ ಹೆಸರು ಬಂದದ್ದು ಕನ್ನಡದ ‘ಉಕ್ಕು’ ಎಂಬ ಪದದಿಂದಲೇ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಈ ಉಕ್ಕಿನ ಕುರಿತು ಪ್ರಬಂಧ ಮಂಡಿಸಿದನು. ಇದರಿಂದ ಮಾಡಿದ ಅಲಗಿನ ಮೇಲೆ ನೀರಿನ ಅಲೆಗಳಂತಹ ಸೂಕ್ಷ್ಮ ರೇಖೆಗಳು ಕಾಣುತ್ತವೆ. ಅದಿರಿನಲ್ಲಿದ್ದ ವನೇಡಿಯಂನಂತಹ ಧಾತುಗಳ ಅತ್ಯಲ್ಪ ಅಂಶವೇ ಈ ರೇಖೆಗಳು ಮೂಡಲು ಕಾರಣವೆಂದು ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1990ರ ದಶಕದ ಸಂಶೋಧನೆಗಳಲ್ಲಿ ತೋರಿಸಿಕೊಟ್ಟರು.

ಈ ರೇಖೆಗಳಿಗೆ ಬೆಲೆ ಇರುವುದರಿಂದ ಅನುಕರಣೆಯೂ ಇದೆ. ಬೇರೆ ಬೇರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಬೆಸೆದು ಮಾಡಿದ ಅಲಗಿನಲ್ಲಿಯೂ ರೇಖೆಗಳು ಕಾಣುತ್ತವೆ. ಆದರೆ ಅವು ಹೆಚ್ಚು ಅಗಲವಾಗಿ, ಸ್ಪಷ್ಟ ಪದರಗಳಾಗಿ ತೋರುತ್ತವೆ. ಸಾಧಾರಣ ಉಕ್ಕಿನ ಮೇಲ್ಮೈಗೆ ಆಮ್ಲದಿಂದ ಚಿತ್ತಾರ ಬರೆಯುವುದು ಇನ್ನೊಂದು ವಿಧಾನ. ತಜ್ಞರು ಅಲಗಿನ ಒಂದು ಚಿಕ್ಕ ಭಾಗವನ್ನು ಉಜ್ಜಿ ಮತ್ತೆ ದ್ರಾವಣ ಹಚ್ಚಿದಾಗ ನಿಜವಾದ ಮೂಸೆಯುಕ್ಕಿನಲ್ಲಿ ರೇಖೆಗಳು ಪುನಃ ಮೂಡುತ್ತವೆ. ಬರೆದ ಚಿತ್ತಾರ ಉಜ್ಜಿದೊಡನೆ ಹೋಗುತ್ತದೆ. ಇದನ್ನು ಸಂರಕ್ಷಣಾ ತಜ್ಞರಿಂದ ಮಾತ್ರ, ಒಡೆಯನ ಲಿಖಿತ ಒಪ್ಪಿಗೆಯೊಂದಿಗೆ ಮಾಡಿಸತಕ್ಕದ್ದು. ಮೂಸೆಯುಕ್ಕನ್ನು ಇಂದಿಗೂ ಮಾಡಬಲ್ಲ ಕೆಲವು ಕಮ್ಮಾರರು ವಿದೇಶಗಳಲ್ಲಿರುವುದರಿಂದ, ನಿಜವಾದ ರೇಖೆಗಳೂ ವಯಸ್ಸಿಗೆ ಪೂರ್ಣ ಸಾಕ್ಷಿಯಲ್ಲ.

ವಿದೇಶಿ ಅಲಗೆಂದ ಮಾತ್ರಕ್ಕೆ ಖಡ್ಗವು ನಕಲಿ ಎಂದೂ ತೀರ್ಮಾನಿಸಲಾಗದು. ಹದಿನಾರನೆಯ ಶತಮಾನದಿಂದ ಯುರೋಪಿನ ಅಲಗುಗಳು ನಮ್ಮ ಬಂದರುಗಳಿಗೆ ಆಮದಾಗುತ್ತಿದ್ದವು. ಇವಕ್ಕೆ ಇಲ್ಲಿಯ ಹಿಡಿ ಜೋಡಿಸಿದ ಖಡ್ಗಗಳಿಗೆ ‘ಫಿರಂಗಿ’ ಎಂಬ ಹೆಸರೇ ನಿಂತಿತು. ಮೇಲೆ ಹೇಳಿದ ರಘೂಜಿ ಭೋಸಲೆಯ ಖಡ್ಗದಲ್ಲಿಯೂ ಅಲಗು ಯುರೋಪಿನದು, ಚಿನ್ನದಲ್ಲಿ ಕೂರಿಸಿದ ಹೆಸರು ದೇವನಾಗರಿಯಲ್ಲಿದೆ.

ಹಿಡಿಯ ಪರೀಕ್ಷೆ

ತಲ್ವಾರಿನ ಹಿಡಿ ಸಾಮಾನ್ಯವಾಗಿ ಕಬ್ಬಿಣದ್ದು, ಒಳಗೆ ಪೊಳ್ಳು, ತುದಿಯಲ್ಲಿ ತಟ್ಟೆಯಾಕಾರದ ಬಿಲ್ಲೆ. ಅಲಗಿನ ಬುಡವನ್ನು ಹಿಡಿಯೊಳಗೆ ಸೇರಿಸಿ ಅರಗಿನಂತಹ ಅಂಟಿನಿಂದ ಭದ್ರಪಡಿಸುತ್ತಿದ್ದರು. ಅಲಗು ಮತ್ತು ಹಿಡಿ ಸೇರುವ ಸಂದಿಯನ್ನು ಭೂತಗನ್ನಡಿಯಿಂದ ನೋಡಬೇಕು. ಅಲ್ಲಿ ಹಳೆಯ ಅರಗಿನ ಬದಲು ಎಪಾಕ್ಸಿ ಅಂಟು, ವೆಲ್ಡಿಂಗ್ ಗುರುತು, ಇಲ್ಲವೇ ತುದಿಯಲ್ಲಿ ಮರೆಮಾಡಿದ ನಟ್ಟು ಕಂಡುಬಂದರೆ ಜೋಡಣೆ ಇತ್ತೀಚಿನದು. ಎರಕ ಹೊಯ್ದ ಹಿಡಿಯಲ್ಲಿ ಅಚ್ಚಿನ ಗೆರೆ ಮತ್ತು ಮರಳಿನ ಒರಟುತನ ಉಳಿದಿರುತ್ತದೆ.

ಆದರೆ ಹೊಸ ಅಂಟು ಕಂಡ ಮಾತ್ರಕ್ಕೆ ಮೋಸವೆನ್ನಲಾಗದು. ಖಡ್ಗ ಬಳಕೆಯ ವಸ್ತುವಾಗಿತ್ತು. ಹಿಡಿ ಸಡಿಲವಾದರೆ ಮತ್ತೆ ಕೂರಿಸುತ್ತಿದ್ದರು, ಮುರಿದರೆ ಬದಲಿಸುತ್ತಿದ್ದರು. ಅಲಗಿಗಿಂತ ನೂರು ವರ್ಷ ಕಿರಿಯ ಹಿಡಿಯುಳ್ಳ ಪ್ರಾಮಾಣಿಕ ಖಡ್ಗಗಳೂ ಇವೆ. ಪ್ರಶ್ನೆ ಇರುವುದು ದುರಸ್ತಿಯಲ್ಲಲ್ಲ, ಅದನ್ನು ತಿಳಿಸದೆ ಮುಚ್ಚಿಟ್ಟು ಪೂರ್ಣ ಬೆಲೆ ಕೇಳುವುದರಲ್ಲಿ.

ಚಿನ್ನದ ಕೆಲಸ

ಹಿಡಿಯ ಮೇಲೆ ಕಾಣುವ ಚಿನ್ನದ ಅಲಂಕಾರವನ್ನು ಕೋಫ್ತ್‌ಗರಿ ಎನ್ನುತ್ತಾರೆ. ಕಬ್ಬಿಣದ ಮೇಲೆ ಅಡ್ಡಡ್ಡ, ಉದ್ದುದ್ದ ಸೂಕ್ಷ್ಮ ಗೀರುಗಳನ್ನು ಹಾಕಿ, ಅವುಗಳ ಮೇಲೆ ಚಿನ್ನದ ತಂತಿಯನ್ನಿಟ್ಟು ಬಡಿದು ಕೂರಿಸುವುದು ಇದರ ಕ್ರಮ. ಸವೆದ ಜಾಗದಲ್ಲಿ ಈ ಗೀರುಗಳು ಬಯಲಾಗುತ್ತವೆ. ವಿದ್ಯುತ್ ಲೇಪನ ಅಥವಾ ಬಣ್ಣದ ಕೆಲಸವಾದರೆ ಕೆಳಗೆ ನುಣುಪಾದ ಲೋಹ ಕಾಣುತ್ತದೆ. ಸವೆತ ಎಲ್ಲಿದೆ ಎಂಬುದೂ ಮುಖ್ಯ. ಅಂಗೈ ಮತ್ತು ಬೆರಳು ತಾಗುವೆಡೆ ಚಿನ್ನ ಸವೆದಿದ್ದು ಸಂದುಗಳಲ್ಲಿ ಉಳಿದಿದ್ದರೆ ಅದು ಬಳಕೆಯ ಸವೆತ. ಕೈ ತಾಗದ ಕಡೆಯೂ ಸಮವಾಗಿ ಸವೆದಿದ್ದರೆ ಸಂಶಯಕ್ಕೆ ಎಡೆಯುಂಟು. ರಾಜಸ್ಥಾನದ ಉದಯಪುರದಲ್ಲಿ ಈ ಕಸುಬು ಇಂದಿಗೂ ಜೀವಂತವಾಗಿದೆ. ಹಾಗಾಗಿ ಹಳೆಯ ಬೋಳು ಹಿಡಿಗೆ ಹೊಸ ಚಿನ್ನ ಹಾಕಿಸುವುದು ಕಷ್ಟವಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಹಳದಿ ಲೋಹಕ್ಕೂ ಸಲ್ಲುತ್ತದೆ.

ಬರಹ, ಮುದ್ರೆ ಮತ್ತು ತಾರೀಖು

ಬರಹವಿದ್ದ ಖಡ್ಗಕ್ಕೆ ಬೆಲೆ ಏರುವುದರಿಂದ, ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಇಸ್ಫಹಾನಿನ ಅಸದುಲ್ಲಾ ಎಂಬ ಕಮ್ಮಾರ ಪರ್ಷಿಯಾದ ಒಂದನೆಯ ಷಾ ಅಬ್ಬಾಸನ ಕಾಲದವನೆಂದು ಪ್ರತೀತಿ. ಅವನ ಹೆಸರಿನ ಮುದ್ರೆ ಒಬ್ಬನ ಆಯುಷ್ಯಕ್ಕೆ ಮೀರಿದ ಅವಧಿಯ ಅಲಗುಗಳ ಮೇಲೆ ಕಾಣುತ್ತದೆ. ಜರ್ಮನಿಯ ಅಲಗುಗಳ ಮೇಲಿನ ‘ಓಡುವ ತೋಳ’ದ ಗುರುತನ್ನೂ ಹಲವೆಡೆ ಅನುಕರಿಸಿದ್ದಾರೆ. ಇಂದಿನ ವ್ಯಾಪಾರಚಿಹ್ನೆಗಳಂತೆಯೇ ಅಂದೂ ಹೆಸರಾಂತ ಗುರುತುಗಳನ್ನು ಕದಿಯುತ್ತಿದ್ದರು.

ತಾರೀಖುಗಳನ್ನು ಲೆಕ್ಕ ಹಾಕಿಯೇ ಪರೀಕ್ಷಿಸಬಹುದು. ಟಿಪ್ಪು ಸುಲ್ತಾನನು ಸುಮಾರು 1787ರಲ್ಲಿ ಹಿಜರಿ ಶಕದ ಬದಲು ಮೌಲೂದಿ ಎಂಬ ಹೊಸ ಶಕವನ್ನು ಜಾರಿಗೆ ತಂದನು. ಅವನ ನಾಣ್ಯಗಳಲ್ಲಿ ಹಿಜರಿ 1201ರ ನಂತರ ಮೌಲೂದಿ 1215 ಬರುತ್ತದೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಕ್ರಮವೂ ಆಗಲೇ ಬಂದಿತು. ಈ ಲೆಕ್ಕದಲ್ಲಿ ಮೌಲೂದಿ 1224 ಎಂದರೆ ಸುಮಾರು 1796. ಹಿಜರಿ 1224 ಎಂದರೆ 1809. ಟಿಪ್ಪು ಮಡಿದದ್ದು 1799ರ ಮೇ 4ರಂದು. ಒಂದೇ ಸಂಖ್ಯೆ ಒಂದು ಶಕದಲ್ಲಿ ಅವನ ಆಳ್ವಿಕೆಯೊಳಗೆ, ಇನ್ನೊಂದು ಶಕದಲ್ಲಿ ಅವನು ತೀರಿದ ಹತ್ತು ವರ್ಷಗಳ ನಂತರ ಬೀಳುತ್ತದೆ.

ನಂತರ ಸೇರಿಸಿದ ಬರಹವೆಲ್ಲವೂ ಮೋಸವಲ್ಲವೆಂಬುದಕ್ಕೆ ಆದವಾನಿಯ ಆಯುಧಗಳು ಸಾಕ್ಷಿ. ಬಿಜಾಪುರದ ಆದಿಲ್‌ಶಾಹಿಗೆ ಸೇರಿದ್ದ ಆದವಾನಿ ಕೋಟೆ ಮೊಗಲರ ವಶವಾದಾಗ ಅಲ್ಲಿಯ ಆಯುಧಗಳನ್ನು ಬಿಕಾನೇರದ ಅನೂಪ್ ಸಿಂಹನು ಕೊಂಡೊಯ್ದನು. ಅವುಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದ ದೇವನಾಗರಿ ಬರಹದಲ್ಲಿ ಆದವಾನಿಯ ಹೆಸರೂ ವಿಕ್ರಮ ಸಂವತ್ 1746, ಅಂದರೆ 1689ರ ತಾರೀಖೂ ಕಾಣುತ್ತದೆ. ಅದು ಆಯುಧ ತಯಾರಾದ ವರ್ಷವಲ್ಲ, ವಶಪಡಿಸಿಕೊಂಡ ವರ್ಷ. ದಾಸ್ತಾನು ಪುಸ್ತಕದ ನಮೂದಿನಂತೆ ಅದನ್ನು ಓದಬೇಕು.

ತುಕ್ಕು ಮತ್ತು ಪ್ರಯೋಗಾಲಯ

ಕಾಲಕ್ರಮದ ತುಕ್ಕು ಕಂದು-ಕಪ್ಪು ಬಣ್ಣದ್ದಾಗಿ ಲೋಹಕ್ಕೆ ಕಚ್ಚಿಕೊಂಡಿರುತ್ತದೆ. ಆಮ್ಲ ಅಥವಾ ಉಪ್ಪುನೀರಿನಿಂದ ಅವಸರದಲ್ಲಿ ಬರಿಸಿದ ತುಕ್ಕು ಕಿತ್ತಳೆಗೆಂಪಾಗಿ, ಎಲ್ಲೆಡೆ ಏಕರೂಪವಾಗಿರುತ್ತದೆ. ಕೆಲವೊಮ್ಮೆ ಅದರ ಕೆಳಗೆ ಯಂತ್ರದ ಸಾಣೆ ಚಕ್ರದ ಗೆರೆಗಳೂ ಕಾಣಸಿಗುತ್ತವೆ. ಖರೀದಿಸಿದ ನಂತರ ಖಡ್ಗವನ್ನು ಹುಣಸೆಹಣ್ಣಿನಿಂದಲೋ ಎಮರಿ ಕಾಗದದಿಂದಲೋ ಉಜ್ಜಿ ಹೊಳಪು ತರಿಸುವುದು ದೊಡ್ಡ ತಪ್ಪು. ಆಯುಧಪೂಜೆಗೆಂದು ಮಾಡುವ ಇಂತಹ ಶುದ್ಧೀಕರಣದಲ್ಲಿ ವಯಸ್ಸಿನ ಸಾಕ್ಷ್ಯವೂ ಬೆಲೆಯೂ ಒಟ್ಟಿಗೆ ತೊಳೆದುಹೋಗುತ್ತವೆ.

ಎಕ್ಸ್-ಕಿರಣದ ಕೈಯಂತ್ರದಿಂದ ಲೋಹದ ಧಾತುಗಳನ್ನು ವಸ್ತುವಿಗೆ ಹಾನಿಯಾಗದಂತೆ ತಿಳಿಯಬಹುದು. ಸ್ಟೇನ್‌ಲೆಸ್ ಉಕ್ಕಿನ ಪ್ರಮಾಣದಲ್ಲಿ ಕ್ರೋಮಿಯಂ ಕಂಡುಬಂದರೆ ಅಲಗು 1913ರ ನಂತರದ್ದೆಂಬುದು ಸ್ಪಷ್ಟ. ಮ್ಯಾಂಗನೀಸ್ ಗಣನೀಯವಾಗಿದ್ದರೆ ಆಧುನಿಕ ಕಾರ್ಖಾನೆಯ ಉಕ್ಕೆಂಬ ಸಂಶಯ ಬಲವಾಗುತ್ತದೆ. ಆದರೆ ಈ ಯಂತ್ರ ಇಂಗಾಲವನ್ನು ಅಳೆಯದು. ಚಿನ್ನದ ಲೇಪನ ಯಾವ ವರ್ಷದ್ದೆಂದೂ ಹೇಳದು. ‘ಕಾರ್ಬನ್ ಡೇಟಿಂಗ್ ಆಗಿದೆ’ ಎಂಬ ಪ್ರಮಾಣಪತ್ರವನ್ನು ಮುಂದಿಟ್ಟರೆ ಇನ್ನಷ್ಟು ಜಾಗರೂಕರಾಗಬೇಕು. ಸುಮಾರು 1650ರಿಂದೀಚಿನ ಮೂರು ಶತಮಾನಗಳ ವಸ್ತುಗಳಿಗೆ ಆ ವಿಧಾನ ನಿಖರ ಉತ್ತರ ನೀಡಲಾರದು. ಹಳೆಯ ಕಬ್ಬಿಣವನ್ನು ಮತ್ತೆ ಕಾಯಿಸಿ ಬಳಸಿದ್ದರೆ ಉತ್ತರವೂ ತಪ್ಪುತ್ತದೆ. ಪ್ರಯೋಗಾಲಯವು ‘ಇದು ಹಳೆಯದಲ್ಲ’ ಎಂದು ಹಲವು ಬಾರಿ ಖಚಿತವಾಗಿ ಹೇಳಬಲ್ಲದು. ‘ಇದು ಇಂತಹವರದೇ’ ಎಂದು ಎಂದಿಗೂ ಹೇಳಲಾರದು.

ಒಡೆತನದ ಸರಪಳಿ

ಆ ಮಾತನ್ನು ಹೇಳಬಲ್ಲುದು ದಾಖಲೆ ಮಾತ್ರ. ಟಿಪ್ಪುವಿನ ಶಯನಾಗಾರದ ಖಡ್ಗಕ್ಕೆ ಅಷ್ಟು ಬೆಲೆ ಬಂದುದರ ಹಿಂದೆ, ಶ್ರೀರಂಗಪಟ್ಟಣದ ಪತನದ ನಂತರ ಅದನ್ನು ಮೇಜರ್ ಜನರಲ್ ಡೇವಿಡ್ ಬೇರ್ಡ್‌ಗೆ ನೀಡಲಾಯಿತೆಂಬ ದಾಖಲಿತ ಇತಿಹಾಸವಿತ್ತು. ಆಸ್ತಿಯ ಋಣಭಾರ ಪತ್ರವನ್ನು ಓದುವಂತೆ ಇಲ್ಲಿಯೂ ಕೈಯಿಂದ ಕೈಗೆ ಬಂದ ಪ್ರತಿ ಹಂತವನ್ನೂ ಪರಿಶೀಲಿಸಬೇಕು: ಹಳೆಯ ಬಿಲ್ಲು, ವಿಭಾಗಪತ್ರ, ಉಯಿಲು, ವಿಮಾ ಪಟ್ಟಿ, ಹಳೆಯ ಛಾಯಾಚಿತ್ರ. ದಾಖಲೆ ನೈಜವೇ ಎಂಬುದರ ಜೊತೆಗೆ, ಅದು ಇದೇ ಖಡ್ಗದ ಕುರಿತದ್ದೇ ಎಂಬುದನ್ನೂ ನೋಡಬೇಕು. ಅಳತೆ, ತೂಕ, ಗುರುತುಗಳಿಲ್ಲದ ಪತ್ರವನ್ನು ಯಾವ ಕತ್ತಿಗೂ ಲಗತ್ತಿಸಬಹುದು. ಬಾವಿ ತೋಡುವಾಗ ಸಿಕ್ಕಿತು, ಪಾಯ ತೆಗೆಯುವಾಗ ಸಿಕ್ಕಿತು ಎಂಬ ಕಥೆ ಕೇಳಿಬಂದರೆ ನಿಧಿಗೆ ಸಂಬಂಧಿಸಿದ ಕಾನೂನು ಅಡ್ಡಬರುತ್ತದೆ. ಅಂತಹ ಖರೀದಿಯಿಂದ ದೂರವಿರುವುದೇ ಕ್ಷೇಮ.

ನೂರು ವರ್ಷದ ಗೆರೆ

ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆ, 1972ರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತು ಪ್ರಾಚ್ಯವಸ್ತುವೆನಿಸುತ್ತದೆ. ಖಾಸಗಿ ವ್ಯಕ್ತಿ ಅದನ್ನು ರಫ್ತು ಮಾಡುವಂತಿಲ್ಲ. ಉಲ್ಲಂಘನೆಗೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆವಾಸ ಮತ್ತು ದಂಡ ಉಂಟು. ಪ್ರಾಚ್ಯವಸ್ತುಗಳ ಮಾರಾಟವನ್ನು ವ್ಯವಹಾರವಾಗಿ ನಡೆಸಲು ಪರವಾನಗಿ ಬೇಕು. ವಸ್ತುವು ಪ್ರಾಚ್ಯವಸ್ತು ಹೌದೋ ಅಲ್ಲವೋ ಎಂಬ ಪ್ರಶ್ನೆ ಎದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರು ಅಥವಾ ಅವರಿಂದ ಅಧಿಕಾರ ಪಡೆದವರ ತೀರ್ಮಾನವೇ ಅಂತಿಮ.

ಇದರಿಂದ ಹೊರಡುವ ವಾಣಿಜ್ಯಿಕ ಪರಿಣಾಮವನ್ನು ಬಹುಮಂದಿ ಗಮನಿಸುವುದಿಲ್ಲ. ಲಂಡನ್ನಿನ ಹರಾಜಿನ ಬೆಲೆ ಭಾರತದಲ್ಲಿರುವ ಖಡ್ಗದ ಬೆಲೆಯಲ್ಲ. ಖಡ್ಗ ನೈಜವಾದರೆ ಅದು ದೇಶ ಬಿಟ್ಟು ಹೋಗುವಂತಿಲ್ಲ. ದೇಶ ಬಿಟ್ಟು ಹೋಗಬಹುದಾದರೆ ಅದು ಅಷ್ಟು ಹಳೆಯದಲ್ಲ. ಪೌಂಡಿನ ದರವನ್ನು ರೂಪಾಯಿಗೆ ಪರಿವರ್ತಿಸಿ ಬೆಲೆ ಹೇಳುವ ಮಾರಾಟಗಾರನು ಖರೀದಿದಾರನಿಗೆ ಎಂದೂ ತೆರೆಯದ ಮಾರುಕಟ್ಟೆಯ ಬೆಲೆಯನ್ನು ಕೇಳುತ್ತಿರುತ್ತಾನೆ.

ತೆರಿಗೆಯಲ್ಲಿಯೂ ಇದೇ ಗೆರೆ. ಕತ್ತಿಗಳು ಸುಂಕಪಟ್ಟಿಯ 9307ನೆಯ ಶೀರ್ಷಿಕೆಗೆ ಸೇರಿದರೆ, ನೂರು ವರ್ಷ ಮೀರಿದ ಪುರಾತನ ವಸ್ತುಗಳು 9706ಕ್ಕೆ ಸೇರುತ್ತವೆ. 9706ರ ಮೇಲಿನ ಜಿಎಸ್‌ಟಿ ದರ 22-9-2025ರಿಂದ ಶೇಕಡಾ 5. ವಯಸ್ಸನ್ನು ರುಜುವಾತುಪಡಿಸದೆ ಕಡಿಮೆ ದರ ವಿಧಿಸಿದರೆ ವ್ಯತ್ಯಾಸದ ಹೊಣೆ ಮಾರಿದವನದು. ಆದಾಯ ತೆರಿಗೆಯಲ್ಲಿ ಸ್ವಂತ ಬಳಕೆಯ ವಸ್ತುಗಳಿಗಿರುವ ವಿನಾಯಿತಿಯು ಪುರಾತತ್ತ್ವ ಸಂಗ್ರಹಗಳಿಗೂ ಕಲಾಕೃತಿಗಳಿಗೂ ಇಲ್ಲ. ಆದುದರಿಂದ ಮಾರಾಟದ ಲಾಭಕ್ಕೆ ತೆರಿಗೆಯೇ ಇಲ್ಲವೆಂದು ಭಾವಿಸಬಾರದು. 1-4-2001ಕ್ಕೆ ಮುಂಚೆ ಮನೆತನಕ್ಕೆ ಬಂದ ಖಡ್ಗವಾದರೆ ಆ ದಿನದ ನ್ಯಾಯಯುತ ಮಾರುಕಟ್ಟೆ ಮೌಲ್ಯವನ್ನು ಆಧಾರವಾಗಿ ತೆಗೆದುಕೊಳ್ಳಲು ಅವಕಾಶವಿದೆ. ಅದಕ್ಕೂ ತಜ್ಞರ ಲಿಖಿತ ವರದಿಯೇ ಆಧಾರ. ಇದಲ್ಲದೆ, ಶಸ್ತ್ರಾಸ್ತ್ರ ನಿಯಮಗಳು, 2016ರ ಅನುಸೂಚಿಯಲ್ಲಿ ಬಂದೂಕುಗಳಲ್ಲದ ಶಸ್ತ್ರಗಳ ವರ್ಗದಲ್ಲಿ ಕತ್ತಿಗಳೂ ಇರುವುದರಿಂದ, ತಮ್ಮ ಪ್ರದೇಶಕ್ಕೆ ಅನ್ವಯಿಸುವ ನಿರ್ಬಂಧಗಳನ್ನು ಖರೀದಿಗೆ ಮುಂಚೆಯೇ ಪೊಲೀಸ್ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳುವುದು ಒಳಿತು.

ಒಂದು ಕಲ್ಪಿತ ಲೆಕ್ಕ

ಟಿಪ್ಪುವಿನ ಶಸ್ತ್ರಾಗಾರದ ತಲ್ವಾರೆಂದು ಒಬ್ಬ ವರ್ತಕರ ಮುಂದೆ 15 ಲಕ್ಷ ರೂಪಾಯಿಯ ಖಡ್ಗವೊಂದು ಬಂದಿದೆಯೆಂದು ಭಾವಿಸೋಣ. ಪರೀಕ್ಷೆಯಲ್ಲಿ ಕಂಡುಬಂದ ಅಂಶಗಳು ಇವು: ಅಲಗು ಮೂಸೆಯುಕ್ಕಿನದು, ಬೆನ್ನು ಮೊನೆಯ ಕಡೆಗೆ ತೆಳುವಾಗಿದೆ, ಹಿಡಿ ಹಳೆಯದು, ಆದರೆ ಸಂದಿಯಲ್ಲಿ ಎಪಾಕ್ಸಿ ಇದೆ, ಚಿನ್ನದ ಬರಹವು ಅಲಗಿನ ಹಳೆಯ ತುಕ್ಕಿನ ಗುಳಿಗಳ ಮೇಲೆ ಹಾದುಹೋಗಿದೆ, ತಾರೀಖು 1224 ಎಂದಿದ್ದು ಅಂಕಿಗಳು ಎಡದಿಂದ ಬಲಕ್ಕಿವೆ.

ಗುಳಿ ಬಿದ್ದ ಮೇಲೆ ಬರಹ ಬಂದಿದೆ. ಹಾಗಾಗಿ ಬರಹ ಅಲಗಿಗಿಂತ ಬಹಳ ಕಿರಿಯದು. ತಾರೀಖನ್ನು ಹಿಜರಿಯೆಂದರೆ ಟಿಪ್ಪುವಿನ ಕಾಲಕ್ಕೆ ಹೊಂದದು. ಮೌಲೂದಿಯೆಂದರೆ ಅಂಕಿಗಳ ಕ್ರಮ ಅವನ ನಾಣ್ಯಗಳ ಪದ್ಧತಿಗೆ ಹೊಂದದು. ಬರಹವನ್ನು ಬದಿಗಿಟ್ಟು, ಹಿಡಿ ಮರುಜೋಡಿಸಿದ ಹಳೆಯ ತಲ್ವಾರೆಂದು ಮಾತ್ರ ಪರಿಗಣಿಸಿ ಮೌಲ್ಯಮಾಪಕರು 2.5 ಲಕ್ಷವೆಂದರು ಎಂದಿಟ್ಟುಕೊಂಡರೆ, ಉಳಿದ 12.5 ಲಕ್ಷ ಒಂದು ಸಾಲು ಬರಹದ ಬೆಲೆ. ಕೇಳಿದ ಮೊತ್ತದ ಶೇಕಡಾ 83ರಷ್ಟು ಭಾಗ, ಇಡೀ ಖಡ್ಗದಲ್ಲಿ ಅತ್ಯಂತ ದುರ್ಬಲವಾದ ಬಾಬಿನ ಮೇಲೆ ನಿಂತಿದೆ. ಆದರೂ ಮಾರಾಟಗಾರನು ‘ಅಲಗು ನಿಜ’ ಎಂಬ ವರದಿಯನ್ನೇ ಮುಂದಿಡುತ್ತಾನೆ. ಆ ವರದಿ ಸುಳ್ಳೂ ಅಲ್ಲ.

ಖರೀದಿಯ ಕರಾರು

ಖರೀದಿಗೆ ಮುನ್ನ ಮಾರಾಟಗಾರನಿಂದ ಲಿಖಿತ ವಿವರಣೆ ಪಡೆಯತಕ್ಕದ್ದು. ಅದರಲ್ಲಿ ಅಲಗು, ಹಿಡಿ, ಚಿನ್ನದ ಕೆಲಸ, ಬರಹ, ಒರೆ ಇವುಗಳ ಕಾಲವನ್ನು ಪ್ರತ್ಯೇಕವಾಗಿ ನಮೂದಿಸಿರಬೇಕು, ದುರಸ್ತಿಗಳನ್ನು ತಿಳಿಸಿರಬೇಕು, ವಿವರಣೆ ತಪ್ಪೆಂದು ನಿಗದಿತ ಅವಧಿಯೊಳಗೆ ಕಂಡುಬಂದರೆ ಹಣ ಹಿಂತಿರುಗಿಸುವ ಷರತ್ತಿರಬೇಕು. ಪರೀಕ್ಷಿಸುವ ತಜ್ಞರ ಶುಲ್ಕ ಮಾರಾಟದ ಮೊತ್ತದ ಮೇಲಿನ ಶೇಕಡಾವಾರು ಆಗಿರಬಾರದು. ಹಣ ಪಾವತಿ ಬ್ಯಾಂಕಿನ ಮೂಲಕವೇ ಆಗಬೇಕು. ಬಿಲ್ಲಿನಲ್ಲಿ ಅಳತೆ, ತೂಕ, ಛಾಯಾಚಿತ್ರ ಸೇರಿರಬೇಕು. ಇಂದು ಪಡೆದ ಆ ಬಿಲ್ಲೇ ಮುಂದಿನ ತಲೆಮಾರಿಗೆ ಒಡೆತನದ ಸರಪಳಿಯ ಮೊದಲ ಕೊಂಡಿ.

ಅನುಕರಣೆಯ ಖಡ್ಗಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಕರ್ತವ್ಯವಿದೆ. ಹಿಡಿಯೊಳಗೆ ಸೇರುವ ಅಲಗಿನ ಬುಡದಲ್ಲಿ ತಯಾರಕರ ಗುರುತು ಮತ್ತು ವರ್ಷವನ್ನು ಕೊರೆದು, ಬಿಲ್ಲಿನಲ್ಲಿ ‘ಅನುಕೃತಿ’ ಎಂದು ನಮೂದಿಸಿದರೆ ರಫ್ತಿನ ವೇಳೆ ಸುಂಕದ ಅಧಿಕಾರಿಗಳ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ; ಪ್ರಾಚ್ಯವಸ್ತುವಲ್ಲವೆಂಬ ಪ್ರಮಾಣಪತ್ರ ಪಡೆಯುವಾಗಲೂ ಅದು ನೆರವಾಗುತ್ತದೆ. ಪ್ರಾಮಾಣಿಕ ಅನುಕೃತಿಗೆ ತನ್ನದೇ ಮಾರುಕಟ್ಟೆ ಇದೆ. ಅದೇ ವಸ್ತು ಮಧ್ಯವರ್ತಿಯೊಬ್ಬನ ಕೈಯಲ್ಲಿ ಪುರಾತನವಾಗಿ ಬಿಡುವುದನ್ನು ಆ ಒಂದು ಗುರುತು ತಡೆಯಬಲ್ಲದು.

ಹಳೆಯ ಖಡ್ಗವನ್ನು ಮೆಚ್ಚಿ, ಮನೆತನದ ಗೌರವಕ್ಕೆಂದು ಇಟ್ಟುಕೊಳ್ಳುವುದು ಬೇರೆ. ಹೂಡಿಕೆಯೆಂದು ಕೊಳ್ಳುವುದು ಬೇರೆ. ಎರಡನೆಯ ಉದ್ದೇಶವಿದ್ದವರು ಬಾಬುವಾರು ಪರೀಕ್ಷೆ ನಡೆಸಿ, ಬೆಲೆಯ ಯಾವ ಪಾಲು ಯಾವ ಸಾಕ್ಷ್ಯದ ಮೇಲೆ ನಿಂತಿದೆಯೆಂದು ಕಾಗದದ ಮೇಲೆ ಬರೆದು ನೋಡಲಿ. ಸಾಕ್ಷ್ಯವಿಲ್ಲದ ಪಾಲಿಗೆ ಹಣ ತೆರಬೇಕಾದ ಅಗತ್ಯವಿಲ್ಲ.